ಚಲಿಸುವ ಅಕ್ಷರಗಳೂ ಕಾವ್ಯಾರ್ಥವೂ

ನಮ್ಮ ಆಲಂಕಾರಿಕರು ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ಎರಡಾಗಿ ವಿಂಗಡಿಸಿದರು. ರಂಗದ ಮೇಲೆ ನಟರಿಂದ ಪ್ರಯುಕ್ತವಾಗುವ ನಾಟಕವು ದೃಶ್ಯವು. ಕಿವಿಯಿಂದ ಕೇಳಿ ಮನಸ್ಸಿನಿಂದ ಗ್ರಹಿಸಬೇಕಾದ ಮಹಾಕಾವ್ಯಾದಿಗಳು ಶ್ರವ್ಯವು. ಅಚ್ಚಿನ ಪುಸ್ತಕಗಳು ಬಂದು ಕಾವ್ಯವನ್ನು ನಾವು ಕಣ್ಣಿನಿಂದಲೇ ಓದತೊಡಗಿದ ಮೇಲೂ ಈ ವಿಭಾಗವು ಕೆಡಲಿಲ್ಲ. ಪುಟದ ಮೇಲಿನ ಅಕ್ಷರವು ತನ್ನನ್ನು ನೋಡಿರೆಂದು ಹೇಳುವದಿಲ್ಲ. ಶಬ್ದಕ್ಕೆ ದಾರಿ ಮಾಡಿಕೊಟ್ಟು ತಾನು ಹಿಂದೆ ಸರಿಯುವದು. ಆದರೆ ಈಗ ನಮ್ಮ ಶಾಲೆಯ ಮಕ್ಕಳ ಕೈಯಲ್ಲಿ ಇವೆರಡಕ್ಕೂ ಪೂರ್ಣವಾಗಿ ಸೇರದ ಒಂದು ಪ್ರಕಾರವು ರೂಪುಗೊಳ್ಳುತ್ತಿರುವದು. ಕಾವ್ಯದ ಪಂಕ್ತಿಗಳು ಗಣಕಯಂತ್ರದ ಪರದೆಯ ಮೇಲೆ ಒಂದೊಂದೇ ಪದವಾಗಿ ಮೂಡುತ್ತವೆ, ಬೆಳೆಯುತ್ತವೆ, ನಡುಗುತ್ತವೆ, ಬಣ್ಣ ಬದಲಿಸಿ ಮಾಯವಾಗುತ್ತವೆ. ಅವುಗಳ ಹಿಂದೆ ಸಂಗೀತವು ನಡೆದಿರುತ್ತದೆ. ಶ್ರವ್ಯಕಾವ್ಯದ ಅಕ್ಷರಗಳೇ ಇಲ್ಲಿ ನಟರಾಗಿರುವವು. ಇದು ಕಾವ್ಯಾಧ್ಯಯನವೋ, ಕೇವಲ ವಿನೋದವೋ ಎಂಬ ಪ್ರಶ್ನೆಯು ಅನೇಕ ಮನೆಗಳಲ್ಲಿ ಎದ್ದಿರುವದರಿಂದ, ನಾನು ಕಂಡಷ್ಟನ್ನು ವಾಚಕರ ಮುಂದಿಡುವದು ಯೋಗ್ಯವೆಂದು ತೋರಿತು.

ಸಾವಕಾಶವಾಗಿ ಇದನ್ನು ನೋಡುವ ಅನುಕೂಲವು ನನಗೆ ನಮ್ಮ ಗೋಪನಕೊಪ್ಪದಲ್ಲಿಯೇ ಒದಗಿತು. ಮನೆಗೆ ಸಮೀಪದ ಒಂದು ಶಾಲೆಯಲ್ಲಿ ಕನ್ನಡ ಕಲಿಸುವ ಬಾಯಿಯವರು ತಮ್ಮ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸವನ್ನು ಒಪ್ಪಿಸಿದ್ದರು. ನಾಲ್ಕೈದು ಮಕ್ಕಳು ಒಂದು ಗುಂಪಾಗಿ ಒಂದು ಪದ್ಯಭಾಗವನ್ನು ಆರಿಸಿಕೊಳ್ಳತಕ್ಕದ್ದು. ಅದರ ಸಾರಾಂಶವನ್ನು ಬರೆಯದೆ, ಅದರ ಅಕ್ಷರಗಳನ್ನೇ ಚಲಿಸುವಂತೆ ಮಾಡಿ, ತಕ್ಕ ಸಂಗೀತವನ್ನು ಕೂಡಿಸಿ, ಮೂರು ನಿಮಿಷಗಳಲ್ಲಿ ತೋರಿಸತಕ್ಕದ್ದು. ಆ ಬಳಿಕ ಎದ್ದು ನಿಂತು, ಹೀಗೇಕೆ ಮಾಡಿದೆವೆಂಬದನ್ನು ಹೇಳತಕ್ಕದ್ದು. ಪ್ರಶ್ನೆ ಕೇಳುವದಕ್ಕೆ ಒಬ್ಬ ಹಳಬನು ಬೇಕೆಂದು ಅವರು ನನ್ನನ್ನು ಕರೆದರು. ಎರಡು ಶನಿವಾರಗಳ ಮಧ್ಯಾಹ್ನ ನಾನು ಅಲ್ಲಿ ಕುಳಿತೆನು.

ಅಕ್ಷರದಿಂದ ಚಿತ್ರವನ್ನು ಮಾಡುವ ಹವ್ಯಾಸವು ನಮ್ಮವರಿಗೆ ಹೊಸದಲ್ಲ. ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದವು ಯಮಕ ಚಿತ್ರಬಂಧಗಳನ್ನು ವಿವರಿಸುತ್ತದೆ. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿಯೂ ಮಾಘನ ಶಿಶುಪಾಲವಧದ 19ನೆಯ ಸರ್ಗದಲ್ಲಿಯೂ ಅಕ್ಷರಗಳು ಯುದ್ಧವ್ಯೂಹಗಳಂತೆ ಸಜ್ಜಾಗಿ ನಿಂತಿರುವದನ್ನು ಪಾಠಶಾಲೆಯಲ್ಲಿ ಓದಿದವರೆಲ್ಲರೂ ಬಲ್ಲರು. ಪಶ್ಚಿಮದಲ್ಲಿಯೂ ಚಲಚ್ಚಿತ್ರದ ಶೀರ್ಷಿಕೆಗಳಲ್ಲಿ ಅಕ್ಷರಗಳನ್ನು ಓಡಾಡಿಸುವ ಕಲೆಯು ಬೆಳೆಯಿತು. ಹಿಚ್‌ಕಾಕನ 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರಕ್ಕೆ ಸಾಲ್ ಬಾಸ್ ಎಂಬವನು ರಚಿಸಿದ ಶೀರ್ಷಿಕೆಗಳು ಇದಕ್ಕೆ ಪ್ರಸಿದ್ಧವಾದ ನಿದರ್ಶನವು. ಆದರೆ ಅದೇ ಸಂದರ್ಭದಲ್ಲಿ ಒಂಬತ್ತನೆಯ ಶತಮಾನದ ಆನಂದವರ್ಧನನು ಚಿತ್ರಕಾವ್ಯವನ್ನು ಕಾವ್ಯವೆಂದು ಒಪ್ಪದೆ ಕಾವ್ಯದ ಅನುಕರಣವೆಂದು ಕಡೆಗಿಟ್ಟದ್ದನ್ನೂ ನಾವು ನೆನೆಯಬೇಕು. ಕಣ್ಣಿಗೆ ಬೆರಗಾಗುವದು ಒಂದು, ಮನಸ್ಸಿಗೆ ಅರ್ಥವು ಹೊಳೆಯುವದು ಮತ್ತೊಂದು. ಈ ಎಚ್ಚರವನ್ನು ಕಟ್ಟಿಕೊಂಡೇ ನಾನು ಆ ಕೋಣೆಯನ್ನು ಹೊಕ್ಕೆನು.

ಮೊದಲನೆಯ ಗುಂಪು ಕುಮಾರವ್ಯಾಸನನ್ನು ಆರಿಸಿಕೊಂಡಿತ್ತು. ಅವನ ಕೋಳಿವಾಡವು ನಮ್ಮ ಹುಬ್ಬಳ್ಳಿ ತಾಲೂಕಿನಲ್ಲಿಯೇ ಇರುವದು. ಗದುಗಿನ ವೀರನಾರಾಯಣನ ಗುಡಿಯು ದೂರದ್ದೇನಲ್ಲ. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಭಾಗವನ್ನು ಅವರು ಎತ್ತಿಕೊಂಡಿದ್ದರು. ಕೆಲಸಕ್ಕೆ ಕೈ ಹಾಕಿದ ಕೂಡಲೆ ಅವರಿಗೆ ಒಂದು ತೊಡಕು ಎದುರಾಯಿತಂತೆ. ಭಾಮಿನೀ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳು ಮೂರು ನಾಲ್ಕು ಮಾತ್ರೆಗಳ ಗಣಗಳಿಂದ 14 ಮಾತ್ರೆಗಳಾಗಿ ನಡೆಯುತ್ತವೆ; ಮೂರು ಆರನೆಯ ಪಾದಗಳು ಅದರ ಒಂದೂವರೆಯಷ್ಟಾಗಿ, ಕಡೆಗೊಂದು ಗುರುವನ್ನು ಪಡೆದು 23 ಮಾತ್ರೆಗಳಾಗುತ್ತವೆ; ಒಟ್ಟಿಗೆ 102. ಆದರೆ ಅರ್ಥವು ಈ ಲೆಕ್ಕಕ್ಕೆ ಕಾಯುವದಿಲ್ಲ. ಮಾತು ಒಂದು ಪಾದದಲ್ಲಿ ಹುಟ್ಟಿ ಮತ್ತೊಂದರ ನಡುವೆ ಮುಗಿಯುವದು. ಪಾದಕ್ಕೊಮ್ಮೆ ಪರದೆಯನ್ನು ಬದಲಿಸಿದರೆ ಅರ್ಥವು ಮುರಿಯಿತು. ಅರ್ಥಕ್ಕೊಮ್ಮೆ ಬದಲಿಸಿದರೆ ಷಟ್ಪದಿಯ ನಡಿಗೆಯೇ ಕೆಟ್ಟಿತು. ಇಬ್ಬರು ಹುಡುಗರು ಇದಕ್ಕಾಗಿ ಎರಡು ದಿವಸ ಜಗಳಾಡಿ, ಕೊನೆಗೆ ಆರೂ ಪಾದಗಳನ್ನು ಅಲುಗಿಸದೆ ನಿಲ್ಲಿಸಿ, ಒಂದು ವಾಕ್ಯಕ್ಕೆ ಸೇರಿದ ಪದಗಳು ಒಂದೇ ಬಣ್ಣದಿಂದ ಬೆಳಗುವಂತೆ ಮಾಡಿದರು. ಕ್ರಿಯಾಪದವು ಮೊದಲು ಬೆಳಗಿತು. ಆ ಮೇಲೆ ಕರ್ತೃ, ಆ ಮೇಲೆ ಕರ್ಮ, ಆ ಮೇಲೆ ವಿಶೇಷಣಗಳು. ಇದು ಖಂಡಾನ್ವಯವಲ್ಲದೆ ಮತ್ತೇನು? ಕ್ರಿಯಾಪದವನ್ನು ಮೊದಲು ಹಿಡಿದು ‘ಯಾರು? ಏನನ್ನು? ಎಲ್ಲಿ?’ ಎಂದು ಕೇಳುತ್ತ ಶ್ಲೋಕವನ್ನು ಬಿಡಿಸುವ ಕ್ರಮವನ್ನು ನಮ್ಮ ಗುರುಗಳು ರಘುವಂಶದ ಪಾಠದಲ್ಲಿ ವರುಷಗಟ್ಟಲೆ ಮಾಡಿಸಿದ್ದರು. ಈ ಹುಡುಗರಿಗೆ ಅದರ ಹೆಸರು ಗೊತ್ತಿರಲಿಲ್ಲ. ಅವಶ್ಯಕತೆಯೇ ಅವರಿಗೆ ಅದನ್ನು ಕಲಿಸಿತು.

ಮತ್ತೊಂದು ತೊಡಕು ಇನ್ನೂ ವಿಚಿತ್ರವಾದದ್ದು. ಗಣಕಯಂತ್ರವು ನಮ್ಮ ಒತ್ತಕ್ಷರವನ್ನು ಒಂದಾಗಿ ಇಟ್ಟುಕೊಳ್ಳುವದಿಲ್ಲ. ‘ಅಕ್ಕ’ ಎಂಬ ಪದವನ್ನು ಅಕಾರ, ಕಕಾರ, ಹಲಂತದ ಚಿಹ್ನೆ, ಮತ್ತೊಂದು ಕಕಾರ ಎಂಬುದಾಗಿ ನಾಲ್ಕು ತುಂಡುಗಳಲ್ಲಿ ಶೇಖರಿಸುವದು. ರೋಮನ್ ಲಿಪಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿಸಿದ ಕೆಲವು ಸಾಧನಗಳಲ್ಲಿ ಅಕ್ಷರಗಳನ್ನು ಒಂದೊಂದಾಗಿ ಚಲಿಸಹಚ್ಚಿದರೆ ಈ ತುಂಡುಗಳು ಬೇರೆ ಬೇರೆಯಾಗಿ ಉದುರುತ್ತವೆ. ಒತ್ತಕ್ಷರವು ಒಡೆದು ಹೋಗುವದು. ಮಕ್ಕಳು ಬೇಸತ್ತು ಕನ್ನಡದ ಅಕ್ಷರವೆಂದರೆ ಎಲ್ಲಿಂದ ಎಲ್ಲಿಯ ವರೆಗೆ ಎಂದು ತಾವೇ ಕೈಯಿಂದ ಗುರುತು ಹಾಕಬೇಕಾಯಿತು. ಹಾಗೆ ಹಾಕುವಾಗ, ಒತ್ತಕ್ಷರದ ಹಿಂದಿನ ಲಘುವು ಗುರುವಾಗುವದೇಕೆಂಬದು ಒಬ್ಬಳಿಗೆ ತಾನಾಗಿಯೇ ತಿಳಿಯಿತು. ಒತ್ತಿನ ಮೊದಲರ್ಧವನ್ನು ನಾಲಿಗೆಯು ಹಿಂದಿನ ಅಕ್ಷರಕ್ಕೇ ಆನಿಸಿ ನುಡಿಯುವದೆಂದು ಅವಳು ಬಾಯಿಂದ ಹೇಳಿ ತೋರಿಸಿದಳು. ಛಂದಸ್ಸಿನ ಸೂತ್ರವನ್ನು ಕಂಠಪಾಠ ಮಾಡಿದ ಎಷ್ಟೋ ಮಂದಿಗೆ ಈ ಕಾರಣವು ತಿಳಿದಿರುವದಿಲ್ಲ.

ಇದೇ ಗುಂಪಿನಲ್ಲಿ ಮನೆಮಾತು ಉರ್ದುವಾಗಿರುವ ಒಬ್ಬ ಹುಡುಗನಿದ್ದನು. ಹಳಗಾಲದ ಕನ್ನಡವನ್ನು ಗಟ್ಟಿಯಾಗಿ ಓದಲು ಅವನಿಗೆ ಸಂಕೋಚವು. ಆದುದರಿಂದ ಅವನಿಗೆ ಬಣ್ಣ ಹಚ್ಚುವ ಕೆಲಸವನ್ನು ಕೊಟ್ಟಿದ್ದರು. ಆತನು ಹಚ್ಚುತ್ತ ಹಚ್ಚುತ್ತ, ‘ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ ಇದೆಯಲ್ಲ, ಇದು ಏಕೆ?’ ಎಂದು ಕೇಳಿದನಂತೆ. ಆದಿಪ್ರಾಸವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಕಿವಿಯಿಂದ ಪಡೆದದ್ದನ್ನು ಅವನು ಕಣ್ಣಿನಿಂದ ಪಡೆದನು. ಆ ದಿವಸ ಆರು ಪಾದಗಳ ಎರಡನೆಯ ಅಕ್ಷರಗಳು ಪರದೆಯ ಮೇಲೆ ಕೆಂಪಾಗಿ ಹೊಳೆದಾಗ, ಸಂಕೋಚದ ಹುಡುಗನೇ ಎದ್ದು ನಿಂತು ಆ ಪದ್ಯವನ್ನು ಓದಿದನು. ಪರೀಕ್ಷೆಗಾಗಿ ಮಾರ್ಗದರ್ಶಿ ಪುಸ್ತಕದಿಂದ ಸಾರಾಂಶವನ್ನು ಬಾಯಿಪಾಠ ಮಾಡುವ ಪದ್ಧತಿಯಲ್ಲಿ ಈ ಹುಡುಗನು ಕಡೆಯ ಬೆಂಚಿನಲ್ಲಿಯೇ ಉಳಿಯುತ್ತಿದ್ದನು.

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಅಕ್ಷರಗಳಿಗೆ ಅಷ್ಟು ಶ್ರಮಪಟ್ಟ ಆ ಗುಂಪು ಸಂಗೀತದ ವಿಷಯದಲ್ಲಿ ಅಗ್ಗದ ದಾರಿಯನ್ನು ಹಿಡಿದಿತ್ತು. ಪಿಟೀಲು ಮೊದಲಿನಿಂದ ಕೊನೆಯ ವರೆಗೆ ಅಳುತ್ತಿತ್ತು. ಕರ್ಣನಿಗೆ ದುಃಖವಾದದ್ದು ನಿಜವು. ಆದರೆ ಆ ಪ್ರಸಂಗದ ಜೀವವು ಅವನ ದುಃಖದಲ್ಲಿಲ್ಲ. ರಾಜ್ಯವನ್ನು ಒಲ್ಲೆನೆಂದು ಅವನು ದುರ್ಯೋಧನನ ಕಡೆಗೇ ನಿಲ್ಲುವದರಲ್ಲಿ ಇರುವದು. ಸಂಗೀತವು ಅಳುವನ್ನು ತೋರಿಸಿತು; ಒಲ್ಲೆನೆಂಬದನ್ನು ತೋರಿಸಲಿಲ್ಲ. ಆಗ ನನಗೆ ತೋರಿದ ವಿಚಾರವು ಮುಂದಿನ ಗುಂಪಿನಲ್ಲಿ ಇನ್ನೂ ಸ್ಪಷ್ಟವಾಯಿತು.

ಅವರು ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಆರಿಸಿದ್ದರು. 1932ರ ‘ಗರಿ’ ಸಂಕಲನದ ಈ ಕವಿತೆಯು 1967ರ ‘ಬೆಳ್ಳಿಮೋಡ’ ಚಲಚ್ಚಿತ್ರದಲ್ಲಿ ಹಾಡಾಗಿ ಮನೆಮನೆಗೂ ಮುಟ್ಟಿರುವದು. ಹೆಣ್ಣುಮಕ್ಕಳು ಅದೇ ಧಾಟಿಯನ್ನಿಟ್ಟು, ಅಕ್ಷರಗಳ ಹಿಂದೆ ಸೂರ್ಯೋದಯ, ಇಬ್ಬನಿ, ಹಕ್ಕಿ, ಹೂಗಳ ಚಿತ್ರಗಳನ್ನು ತುಂಬಿದ್ದರು. ನೋಡಲು ಸೊಗಸಾಗಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಒಂದೇ ಪ್ರಶ್ನೆಯನ್ನು ಕೇಳಿದೆನು: ‘ಕವಿತೆಯ ಕೊನೆಗೆ ಕವಿಯು ಕಣ್ಣಿಗೆ ಸಿಕ್ಕದ ಒಂದು ಬಣ್ಣವನ್ನು ಹೇಳಿ, ಇದು ಬರಿಯ ಮುಂಜಾವು ಅಲ್ಲವೆನ್ನುತ್ತಾರಲ್ಲ, ಅದು ನಿಮ್ಮ ಪರದೆಯ ಮೇಲೆ ಎಲ್ಲಿದೆ?’ ಒಬ್ಬಳು ಬಹಳ ಹೊತ್ತು ಯೋಚಿಸಿ, ‘ಅದಕ್ಕೆ ಚಿತ್ರ ಸಿಗಲಿಲ್ಲ’ ಎಂದಳು.

ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ. ಆ ಚಿತ್ರವು ಸಿಗತಕ್ಕದ್ದೇ ಅಲ್ಲ. ಚಿತ್ರಕ್ಕೆ ‘ಅಲ್ಲ’ ಎನ್ನಲು ಬಾರದು. ಚಂದ್ರನನ್ನು ಬರೆಯಬಹುದು, ‘ಇದು ಚಂದ್ರನಲ್ಲ’ ಎಂಬದನ್ನು ಬರೆಯಬೇಕಾದರೆ ಮೊದಲು ಚಂದ್ರನನ್ನೇ ಬರೆಯಬೇಕಾಗುವದು, ನೋಡುವವನು ಚಂದ್ರನನ್ನಷ್ಟೇ ಕಾಣುವನು. ನಮ್ಮ ಅಲಂಕಾರಶಾಸ್ತ್ರದಲ್ಲಿ ಅಪಹ್ನುತಿಯೆಂಬದೊಂದು ಇರುವದು. ಎದುರಿಗಿರುವ ವಸ್ತುವನ್ನು ಅಲ್ಲಗಳೆದು ಮತ್ತೊಂದನ್ನು ಸ್ಥಾಪಿಸುವದೇ ಅದರ ಲಕ್ಷಣವು. ಉಪಮೆಯನ್ನು ಚಿತ್ರಕಾರನು ಹೇಗಾದರೂ ತೋರಿಸಬಲ್ಲನು, ಅಪಹ್ನುತಿಯನ್ನು ತೋರಿಸಲಾರನು. ಉಪನಿಷತ್ತಿನ ಋಷಿಗಳು ಪರತತ್ತ್ವವನ್ನು ನಿಷೇಧದ ಮಾತಿನಿಂದಲೇ ಸೂಚಿಸಿದ್ದಕ್ಕೂ ಇದೇ ಕಾರಣವಿರಬೇಕು. ಅಲ್ಲವೆನ್ನುವ ಶಕ್ತಿಯು ನುಡಿಗೆ ಮಾತ್ರ ಇರುವದು. ಕಾವ್ಯವನ್ನು ಚಿತ್ರಗಳಾಗಿ ಮಾರ್ಪಡಿಸಿದಾಗ ಮೊಟ್ಟಮೊದಲು ಕಳೆದುಹೋಗುವದು ಈ ಶಕ್ತಿಯೇ. ಕರ್ಣನ ಒಲ್ಲೆನೆಂಬ ಮಾತೂ ಬೇಂದ್ರೆಯವರ ಬೆಳಗಿನ ಕೊನೆಯ ಮಾತೂ ಹೀಗೆಯೇ ಕಳೆದು ಹೋಗಿದ್ದವು.

ಎರಡನೆಯ ಶನಿವಾರ ಆ ಹುಡುಗಿಯರು ತಮ್ಮ ಕೆಲಸವನ್ನು ತಿದ್ದಿ ತಂದರು. ಚಿತ್ರಗಳೆಲ್ಲ ಹೋಗಿದ್ದವು. ಚಲಚ್ಚಿತ್ರದ ಧಾಟಿಯೂ ಇರಲಿಲ್ಲ. ಒಬ್ಬಳ ಮನೆಯಲ್ಲಿದ್ದ ತಂಬೂರಿಯ ನಾದವಷ್ಟೇ ಇತ್ತು. ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ನಿಧಾನವಾಗಿ ಬಂದವು. ಕೊನೆಯ ಮಾತು ಬಂದಾಗ ತಂಬೂರಿಯು ನಿಂತಿತು, ಅಕ್ಷರಗಳ ಚಲನೆಯೂ ನಿಂತಿತು. ಸಂಗೀತವು ಅಲ್ಲವೆನ್ನಲಾರದು, ಆದರೆ ಸುಮ್ಮನಾಗಬಲ್ಲದು ಎಂಬದನ್ನು ಆ ಮಕ್ಕಳು ಕಂಡುಕೊಂಡಿದ್ದರು. ಈ ಸಲ ಚಪ್ಪಾಳೆಗೆ ಸ್ವಲ್ಪ ತಡವಾಯಿತು.

ಸಂಗೀತದಿಂದ ಕಾವ್ಯಾರ್ಥವನ್ನು ತಿಳಿಸುವದು ನಮ್ಮ ನಾಡಿನಲ್ಲಿ ಎಂದೂ ತುಚ್ಛವಾಗಿರಲಿಲ್ಲವೆಂಬದನ್ನು ಇಲ್ಲಿ ಹೇಳಲೇಬೇಕು. ಗಮಕಿಯು ಪದ್ಯವನ್ನು ರಸಕ್ಕೆ ತಕ್ಕ ರಾಗದಲ್ಲಿ ಅರ್ಥವು ಕೆಡದಂತೆ ಪದಗಳನ್ನು ಬಿಡಿಸಿ ಓದುವನು. ವ್ಯಾಖ್ಯಾನಕಾರನು ಅದನ್ನು ವಿವರಿಸುವನು. ಮಲ್ಲಿಕಾರ್ಜುನ ಮನಸೂರರು ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ್ದನ್ನು ನಮ್ಮ ಭಾಗದ ಮನೆಗಳು ಮರೆತಿಲ್ಲ. 1950ರಲ್ಲಿ ಆರಂಭವಾದ ಧಾರವಾಡದ ಆಕಾಶವಾಣಿಯು ಹಾಡನ್ನೂ ಮಾತನ್ನೂ ಊರೂರಿಗೆ ಮುಟ್ಟಿಸಿತು. ಆದರೆ ಇವುಗಳಲ್ಲೆಲ್ಲ ನುಡಿಯು ಯಜಮಾನನು, ನಾದವು ಸಹಚರನು. ಈ ಕ್ರಮವು ತಲೆಕೆಳಗಾದಾಗ ಮಾತ್ರ ಅನಿಷ್ಟವು ಸಂಭವಿಸುವದು.

ನನ್ನ ವಯಸ್ಸಿನ ಒಬ್ಬ ಮಿತ್ರರು ಇದೆಲ್ಲವನ್ನು ಕೇಳಿ ಹೀಗೆ ಆಕ್ಷೇಪಿಸಿದರು: ಒಂದು ಪದ್ಯಕ್ಕೆ ಹಲವು ಧ್ವನಿಗಳಿರಬಹುದು, ಬಣ್ಣವನ್ನೂ ವೇಗವನ್ನೂ ರಾಗವನ್ನೂ ಒಬ್ಬನು ನಿಶ್ಚಯಿಸಿಬಿಟ್ಟರೆ, ನೋಡುವವನಿಗೆ ಒಂದೇ ಅರ್ಥವನ್ನು ಬಲವಂತದಿಂದ ನುಂಗಿಸಿದಂತಾಗುವದಿಲ್ಲವೇ? ಪುಸ್ತಕದಲ್ಲಿ ಓದುವವನು ನಿಲ್ಲಬೇಕಾದಲ್ಲಿ ನಿಲ್ಲುವನು, ಹಿಂದಿರುಗಿ ನೋಡುವನು. ಪರದೆಯು ಯಾರಿಗೂ ಕಾಯುವದಿಲ್ಲ. ಈ ಆಕ್ಷೇಪವು ಸಾಧಾರಣವಾದದ್ದಲ್ಲ. ಆದರೆ ಇದು ನೋಡುವವನಿಗೆ ತಗಲುವಷ್ಟು ಮಾಡುವವನಿಗೆ ತಗಲುವದಿಲ್ಲ. ಮಾಡುವ ಮಗುವು ಒಂದು ಪದವನ್ನು ಎಲ್ಲಿ ನಿಲ್ಲಿಸಲಿ ಎಂದು ಹತ್ತು ಸಾರೆ ಹಿಂದಕ್ಕೂ ಮುಂದಕ್ಕೂ ಓದಿರುತ್ತದೆ. ಆದಕಾರಣ ಇದರ ಪ್ರಯೋಜನವು ಪ್ರದರ್ಶನದಲ್ಲಿಲ್ಲ, ಸಿದ್ಧತೆಯಲ್ಲಿ ಇರುವದು. ಮಿತ್ರರ ಆಕ್ಷೇಪಕ್ಕೂ ಒಂದು ಪರಿಹಾರವಿದೆ: ಒಂದೇ ಪದ್ಯವನ್ನು ಇಬ್ಬರಿಗೆ ಕೊಟ್ಟು, ಎರಡನ್ನೂ ಒಂದರ ಮೇಲೊಂದು ತೋರಿಸತಕ್ಕದ್ದು. ಆಗ ಯಾವ ಮಗುವೂ ತನ್ನ ಬಣ್ಣವೇ ಪದ್ಯದ ಬಣ್ಣವೆಂದು ಭ್ರಮಿಸಲಾರದು.

ಇನ್ನೆರಡು ಮಾತುಗಳನ್ನು ಆ ಬಾಯಿಯವರಿಗೆ ಹೇಳಿ ಬಂದೆನು. ಯಂತ್ರವನ್ನು ಮುಟ್ಟುವ ಮೊದಲು ಪ್ರತಿಯೊಂದು ಮಗುವೂ ಪದ್ಯವನ್ನು ಗಟ್ಟಿಯಾಗಿ ಓದಬೇಕು. ತೋರಿಸಿದ ಬಳಿಕ ಪರದೆಯನ್ನು ಆರಿಸಿ, ಅದೇ ಪದ್ಯವನ್ನು ಪುಸ್ತಕದಿಂದ ಮತ್ತೊಮ್ಮೆ ಓದಬೇಕು. ಎರಡನೆಯ ಓದು ಮೊದಲನೆಯದಕ್ಕಿಂತ ಮೇಲಾಗಿದ್ದರೆ ಮಾಡಿದ ಕೆಲಸವು ಸಾರ್ಥಕವು. ಇಲ್ಲದಿದ್ದರೆ ಅಕ್ಷರಗಳು ಕುಣಿದವು, ಅಷ್ಟೇ.

ವಾಚಕರ ಮನೆಯ ಮಕ್ಕಳೂ ನಾಳೆ ಇಂಥದೊಂದನ್ನು ಮಾಡಿ ತಂದು ತೋರಿಸಬಹುದು. ಹಿರಿಯರು ಅದನ್ನು ಆಟವೆಂದು ಜರಿಯದೆ, ಅದ್ಭುತವೆಂದು ಕೂಡಲೆ ಹೊಗಳದೆ, ಪೂರ್ತಿ ನೋಡಬೇಕು. ಆ ಮೇಲೆ ಪದ್ಯವನ್ನು ಕೈಯಲ್ಲಿ ಹಿಡಿದುಕೊಂಡು, ಇದರಲ್ಲಿ ಕವಿಯು ಅಲ್ಲವೆಂದದ್ದು ಎಲ್ಲಿ, ಒಲ್ಲೆನೆಂದದ್ದು ಎಲ್ಲಿ, ಅದನ್ನು ನೀನು ಏನು ಮಾಡಿದೆ ಎಂದು ಸಮಾಧಾನದಿಂದ ಕೇಳಬೇಕು. ಉತ್ತರವು ಒಡನೆ ಬಾರದಿದ್ದರೂ ಚಿಂತೆಯಿಲ್ಲ. ಒಂದು ವಾರ ಕಾಯಬಹುದು.