ಏಳು ಆರಾದ ಇರುಳು

ಪವರ್ ಗುಂಡಿ ಒತ್ತುತ್ತೀರಿ. ಫ್ಯಾನ್ ಗುರ್ರೆನ್ನುತ್ತದೆ, ಕಂಪನಿಯ ಲಾಂಛನ ಮಿಂಚಿ ಮಾಯವಾಗುತ್ತದೆ. ಆಮೇಲೆ ಕಪ್ಪು ಪರದೆಯ ಮೇಲೆ ‘ಎರರ್: ನೋ ಸಚ್ ಪಾರ್ಟಿಷನ್’. ಅದರ ಕೆಳಗೆ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲಿನ ಕೊನೆಯಲ್ಲಿ ಮಿಟುಕುವ ಕರ್ಸರ್. ಉಬುಂಟು ಇಲ್ಲ, ವಿಂಡೋಸೂ ಇಲ್ಲ.

“ಫಾರ್ಮ್ಯಾಟ್ ಹೊಡೆದುಬಿಡೋಣ” ಎನ್ನುತ್ತಾನೆ ಬೆನ್ನ ಹಿಂದೆ ನಿಂತ ತಮ್ಮ. ನಿನ್ನೆ ವಿಂಡೋಸಿನಲ್ಲಿ ಕೂತು, ಖಾಲಿ ಬಿದ್ದಿದೆಯೆಂದು ಡಿ ಡ್ರೈವನ್ನು ಅಳಿಸಿದ ಪುಣ್ಯಾತ್ಮನೂ ಅವನೇ.

ಹಳೆಯ ಲ್ಯಾಪ್‌ಟಾಪ್, ಎಂಬಿಆರ್ ಡಿಸ್ಕ್. ಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ ಬೂಟ್ ಕೋಡಿಗೆ ಸಿಗುವ ಜಾಗ ಹೆಚ್ಚೆಂದರೆ 446 ಬೈಟ್. ಅಷ್ಟರಲ್ಲಿ ಉಬುಂಟು, ವಿಂಡೋಸ್‌ಗಳನ್ನು ಎಬ್ಬಿಸುವ ಗ್ರಬ್ ಹಿಡಿಸದು. ತನ್ನ ತಿರುಳನ್ನು ಪಕ್ಕದ ಖಾಲಿ ಸೆಕ್ಟರುಗಳಲ್ಲಿಟ್ಟು, ಮಿಕ್ಕ ಸಾಮಾನು 7ನೇ ಪಾರ್ಟಿಷನ್ನಿನಲ್ಲಿದೆ ಎಂದು ಗುರುತು ಹಾಕಿಕೊಂಡಿತ್ತು. ಲಾಜಿಕಲ್ ಪಾರ್ಟಿಷನ್ನುಗಳ ಎಣಿಕೆ 5ರಿಂದ ಶುರು. ಡಿ ಡ್ರೈವೇ ಆ 5. ಅದು ಹೋದದ್ದೇ ತಡ, ಆರು ಐದಾಯಿತು, ಏಳು ಆರಾಯಿತು. ಬೀದಿಯ ಒಂದು ಮನೆ ಕೆಡವಿ ಮುಂದಿನ ಬಾಗಿಲುಗಳಿಗೆಲ್ಲ ಹೊಸ ನಂಬರು ಬರೆದರೆ ಅಂಚೆಯವನು ಏನು ಮಾಡಿಯಾನು? ಫೈಲುಗಳು ಇದ್ದಲ್ಲೇ ಇವೆ.

‘ಎಲ್ಎಸ್’ ಎಂದು ಬರೆದು ಎಂಟರ್. ಎಚ್‌ಡಿ0, ಅದರ ಜೊತೆ ಎಂಎಸ್‌ಡಾಸ್6, ಎಂಎಸ್‌ಡಾಸ್5, ಎಂಎಸ್‌ಡಾಸ್1 ಆವರಣದೊಳಗೆ ಬರುತ್ತವೆ. ಒಂದೊಂದನ್ನೇ ತಟ್ಟಿ ನೋಡಬೇಕು. ಐದು: ‘ಅನ್‌ನೋನ್ ಫೈಲ್‌ಸಿಸ್ಟಮ್’. ಹೆದರಬೇಡಿ, ಅದು ವಿಂಡೋಸಿನ ಎನ್‌ಟಿಎಫ್‌ಎಸ್. ಈ ಅರೆಜೀವದ ಗ್ರಬ್‌ಗೆ ಅದನ್ನು ಓದಲು ಬಾರದು. ಆರು: ಬಿನ್, ಬೂಟ್, ಇಟಿಸಿ, ಹೋಮ್... ತಮ್ಮನೂ ಬಗ್ಗಿ ನೋಡುತ್ತಾನೆ.

ಈಗ ‘ಸೆಟ್ ರೂಟ್’ಗೆ ಆರನೆಯದನ್ನು ತೋರಿಸುತ್ತೀರಿ, ‘ಸೆಟ್ ಪ್ರಿಫಿಕ್ಸ್’ಗೆ ಅದರೊಳಗಿನ ಬೂಟ್, ಗ್ರಬ್ ದಾರಿಯನ್ನು. ಇಲ್ಲಿ ಟ್ಯಾಬ್ ಒತ್ತಿದರೆ ಪದ ತುಂಬಿಕೊಳ್ಳುವುದಿಲ್ಲ. ಒಂದು ಓರೆಗೀಟು ಬಿಟ್ಟರೂ ಕೆಲಸ ಕೆಟ್ಟಿತು. ‘ಇನ್ಸ್‌ಮಾಡ್ ನಾರ್ಮಲ್’. ಪರದೆ ಏನೂ ಹೇಳುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ. ‘ನಾರ್ಮಲ್’ ಎಂದೊಡನೆ ಪರಿಚಿತ ಮೆನು ಎದುರಿಗೆ! ಅದು ಡಿಸ್ಕಿನ ಭಾಗಗಳನ್ನು ಹುಡುಕುವುದು ಯುಯುಐಡಿ ಎಂಬ ಉದ್ದನೆಯ ಗುರುತಿನಿಂದ, ನಂಬರಿನಿಂದಲ್ಲ. ಹಾಗಾಗಿ ಉಬುಂಟು ತಂಟೆಯಿಲ್ಲದೆ ಏಳುತ್ತದೆ.

ಇದು ಈ ಹೊತ್ತಿನ ಮಟ್ಟಿಗೆ ಮಾತ್ರ. ಡಿಸ್ಕಿನ ಮೊದಲಲ್ಲಿ ಇನ್ನೂ ಏಳೇ ಇದೆ. ಟರ್ಮಿನಲ್ ತೆರೆದು ‘ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ’ ಎಂದು ಕೊಡಿ. ಕೊನೆಯಲ್ಲಿ 6 ಸೇರಿಸುವ ಚಟ ಹಲವರಿಗಿದೆ. ಬೇಡ, ಬೇಕಿರುವುದು ಇಡೀ ಡಿಸ್ಕು. ‘ನೋ ಎರರ್ ರಿಪೋರ್ಟೆಡ್’ ಎಂದು ಬಂತು. ಹಿಂದೆಯೇ ‘ಸುಡೊ ಅಪ್‌ಡೇಟ್-ಗ್ರಬ್’.

ರೀಸ್ಟಾರ್ಟ್ ಮಾಡಬಹುದು. ಅದಕ್ಕೆ ಮೊದಲು ಪೆನ್ ಡ್ರೈವ್ ಚುಚ್ಚಿ ಹೋಮ್ ಫೋಲ್ಡರನ್ನು ಕಾಪಿಗೆ ಹಚ್ಚುತ್ತೀರಿ. ತಮ್ಮನಿಗೆ ಈಗಲೇ ವಿಂಡೋಸ್ ಬೇಕಂತೆ. ಕಾಯಲಿ.