ಲಜ್ಜೆಯೂ ಅರಿವೂ

ಅರಬಿ ಭಾಷೆಯಲ್ಲಿ ಗರ್ಭಾಶಯಕ್ಕೆ ‘ರಹಿಮ್’ ಎನ್ನುತ್ತಾರೆ. ಅಲ್ಲಾಹನ ನಾಮಗಳಾದ ರಹ್ಮಾನ್, ರಹೀಮ್ ಎಂಬವು ಹುಟ್ಟಿರುವುದೂ ಅದೇ ಧಾತುವಿನಿಂದ. ಕುಟುಂಬ ಸಂಬಂಧಕ್ಕೂ ಅದೇ ಪದ. ಈ ನಂಟನ್ನು ಪ್ರವಾದಿವರ್ಯರೇ(ಸ) ಸಮುದಾಯಕ್ಕೆ ನೆನಪಿಸಿದ್ದಾರೆ. ಪ್ರತಿ ನಮಾಝಿನಲ್ಲೂ ಫಾತಿಹಾ ಓದುವಾಗ ಕರುಣೆಯ ಆ ನಾಮಗಳನ್ನು ನಾವು ಉಚ್ಚರಿಸುತ್ತೇವೆ. ಆದರೆ ಅದೇ ಧಾತುವಿನ ಹೆಸರು ಹೊತ್ತ ಅಂಗದ ಪ್ರಸ್ತಾಪ ಮನೆಯಲ್ಲಿ ಬಂದರೆ ದನಿ ತಗ್ಗುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ.

ಹಲವು ವರ್ಷಗಳಿಂದ ನಾನು ಬಾಲಕಿಯರಿಗೆ ಕರ್ಮಶಾಸ್ತ್ರ ಬೋಧಿಸುತ್ತಿದ್ದೇನೆ. ಹೈಝ್‌ನ ಅಧ್ಯಾಯ ಬಂದಾಗ ಮಕ್ಕಳು ಲೆಕ್ಕವನ್ನು ಚೆನ್ನಾಗಿಯೇ ಕಲಿಯುತ್ತಾರೆ. ಶಾಫಿಈ ಮದ್ಸ್‌ಹಬ್‌ನಲ್ಲಿ ಕನಿಷ್ಠ ಒಂದು ಹಗಲು ಒಂದು ಇರುಳು, ಗರಿಷ್ಠ 15 ದಿನ. ಹನಫಿಯಲ್ಲಿ ಕನಿಷ್ಠ 3 ದಿನ, ಗರಿಷ್ಠ 10 ದಿನ. ಪರೀಕ್ಷೆಯಲ್ಲಿ ಇದನ್ನು ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆ ರಕ್ತ ಎಲ್ಲಿಂದ ಬರುತ್ತದೆ, ಏಕೆ ಬರುತ್ತದೆ ಎಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಮೂತ್ರದ ದಾರಿಯಿಂದ ಎನ್ನುವವರಿದ್ದಾರೆ. ದೇಹದ ಕೆಟ್ಟ ರಕ್ತ ಎನ್ನುವವರಿದ್ದಾರೆ. ತಿಂದ ಅನ್ನ ಹೋಗುವಲ್ಲಿಯೇ ಮಗುವೂ ಇರುತ್ತದೆಯೇ ಎಂದು ಒಬ್ಬಳು ಕೇಳಿದ್ದಳು. ತಪ್ಪು ಅವಳದಲ್ಲ. ಅನ್ನಕ್ಕೂ ಮಗುವಿಗೂ ಕನ್ನಡದಲ್ಲಿ ನಾವು ‘ಹೊಟ್ಟೆ’ ಎಂಬ ಒಂದೇ ಮಾತನ್ನು ಬಳಸುತ್ತೇವೆ.

ಲಜ್ಜೆಯು ಈಮಾನಿನ ಭಾಗ. ಅದರಲ್ಲಿ ಸಂಶಯವಿಲ್ಲ. ಆದರೆ ಲಜ್ಜೆಯು ಅರಿವಿನ ಬಾಗಿಲಿಗೆ ಹಾಕಿದ ಬೀಗವಲ್ಲ. ಅನ್ಸಾರಿ ಮಹಿಳೆಯರು ಧಾರ್ಮಿಕ ಜ್ಞಾನವನ್ನು ಪಡೆಯಲು ಲಜ್ಜೆಯನ್ನು ಅಡ್ಡಿಯಾಗಿಸಿಕೊಳ್ಳಲಿಲ್ಲವೆಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದ್ದರು. ಹಝ್ರತ್ ಉಮ್ಮು ಸುಲೈಮ್(ರ) ಹೆಣ್ಣಿಗೆ ಸ್ವಪ್ನಸ್ಖಲನವಾದರೆ ಸ್ನಾನ ಕಡ್ಡಾಯವೇ ಎಂದು ಪ್ರವಾದಿವರ್ಯರನ್ನೇ(ಸ) ನೇರವಾಗಿ ಕೇಳಿದರು, ನೇರವಾದ ಉತ್ತರವನ್ನೂ ಪಡೆದರು. ಹಾಗಿರುವಾಗ ಇಂದು ತಾಯಿಯೊಬ್ಬಳು ತನ್ನ ಮಗಳಿಗೆ ದೇಹದ ರಚನೆಯನ್ನು ತಿಳಿಸಿದರೆ ಅದು ಲಜ್ಜೆಗೇಡಿತನ ಹೇಗಾದೀತು?

ತಿಳಿಯಬೇಕಾದದ್ದು ಬಹಳವೇನಿಲ್ಲ. ಹೆಣ್ಣಿನ ದೇಹದಲ್ಲಿ ದ್ವಾರಗಳು ಮೂರು: ಮುಂದೆ ಮೂತ್ರದ್ವಾರ, ಅದರ ಹಿಂದೆ ಯೋನಿ, ಅದರ ಹಿಂದೆ ಗುದದ್ವಾರ. ಮೊದಲಿನ ಎರಡನ್ನು ಒಂದೇ ಎಂದು ಭಾವಿಸಿರುವ ಹಿರಿಯರೂ ಇದ್ದಾರೆ. ಶೌಚದ ಬಳಿಕ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆನ್ನುವುದು ಈ ಕಾರಣದಿಂದ; ಇಲ್ಲವಾದರೆ ಗುದದ್ವಾರದ ರೋಗಾಣುಗಳು ಮೂತ್ರನಾಳವನ್ನು ಸೇರುತ್ತವೆ. ಯೋನಿಯ ಒಳಭಾಗವನ್ನು ಸಾಬೂನು ಹಾಕಿ ತೊಳೆಯುವ ಅಗತ್ಯವಿಲ್ಲ. ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವಂತೆ ಸೃಷ್ಟಿಯಾಗಿದೆ. ಯೋನಿಯ ಮೇಲ್ತುದಿಯಲ್ಲಿ ಗರ್ಭಾಶಯದ ಕೊರಳು, ಅದರ ಮೇಲೆ ತಲೆಕೆಳಗಾದ ಪೇರಳೆ ಹಣ್ಣಿನಂತೆ ಗರ್ಭಾಶಯ. ಉದ್ದ ಸುಮಾರು 7ರಿಂದ 8 ಸೆಂಟಿಮೀಟರ್ ಮಾತ್ರ. ಮುಂದೆ ಮೂತ್ರಕೋಶ, ಹಿಂದೆ ಮಲಾಶಯ, ನಡುವೆ ಇದು. ಇಕ್ಕೆಲದಲ್ಲಿ ಸುಮಾರು 10 ಸೆಂಟಿಮೀಟರ್ ಉದ್ದದ ನಾಳಗಳು, ಅವುಗಳ ತುದಿಯ ಬಳಿ ಬಾದಾಮಿಯಾಕಾರದ ಎರಡು ಅಂಡಾಶಯಗಳು. ಅಂಡವು ಪುರುಷಬೀಜವನ್ನು ಸಂಧಿಸುವುದು ಗರ್ಭಾಶಯದಲ್ಲಲ್ಲ, ಆ ನಾಳದಲ್ಲಿ.

ಪ್ರತಿ ತಿಂಗಳೂ ಗರ್ಭಾಶಯವು ಬರಲಿರುವ ಅತಿಥಿಗಾಗಿ ಒಳಪೊರೆಯ ಹಾಸಿಗೆಯನ್ನು ಹಾಸುತ್ತದೆ. ಗರ್ಭ ನಿಲ್ಲದಿದ್ದರೆ ಆ ಪೊರೆ ಕಳಚಿ ರಕ್ತದೊಡನೆ ಹೊರಬರುತ್ತದೆ. ಅದು ದೇಹದಿಂದ ಸೋರುವ ವಿಷವಲ್ಲ. ಒಂದು ಋತುಸ್ರಾವದಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು. ರಕ್ತವು ನಜಸ್ ಎಂಬುದು ಶರೀಅತ್‌ನ ವಿಧಿ. ಆದರೆ ಆ ದಿನಗಳಲ್ಲಿ ಹೆಣ್ಣೇ ಅಶುದ್ಧಳೆಂಬುದು ನಮ್ಮ ಧರ್ಮದ ಮಾತಲ್ಲ. ಹಝ್ರತ್ ಆಯಿಶಾ(ರ) ಹೈಝ್‌ನಲ್ಲಿದ್ದಾಗ ಪ್ರವಾದಿವರ್ಯರು(ಸ) ಅವರ ಮಡಿಲಿಗೆ ಒರಗಿ ಕುರ್‌ಆನ್ ಪಠಿಸುತ್ತಿದ್ದರು. ಅವರು ಬಾಯಿಟ್ಟು ಕುಡಿದ ಪಾತ್ರೆಯಲ್ಲಿ ಅದೇ ಜಾಗಕ್ಕೆ ಬಾಯಿಟ್ಟು ಕುಡಿಯುತ್ತಿದ್ದರು. ಮಗಳ ತಟ್ಟೆ, ಚಾಪೆಗಳನ್ನು ಬೇರೆ ಮಾಡುವ ಮನೆಗಳು ಈ ಸುನ್ನತ್ತನ್ನು ಓದಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆಯಿದೆ. ಹಝ್ರತ್ ಫಾತಿಮಾ ಬಿಂತ್ ಅಬೀ ಹುಬೈಶ್(ರ) ತನ್ನ ರಕ್ತ ನಿಲ್ಲುತ್ತಿಲ್ಲವೆಂದು ಹೇಳಿಕೊಂಡಾಗ, ಅದು ಹೈಝ್ ಅಲ್ಲ, ನರವೊಂದರ ರಕ್ತ ಎಂದು ಪ್ರವಾದಿವರ್ಯರು(ಸ) ವಿಂಗಡಿಸಿ ತಿಳಿಸಿದರು. ಸಹಜ ಸ್ರಾವ ಬೇರೆ, ಇಸ್ತಿಹಾಝ ಬೇರೆ ಎಂಬ ವಿವೇಕ ನಮಗೆ ಅಂದೇ ಸಿಕ್ಕಿದೆ. ಆದರೆ ಕರ್ಮಶಾಸ್ತ್ರ ಹೇಳುವ 15 ದಿನಗಳ ಗಡಿ ನಮಾಝ್, ಉಪವಾಸಗಳ ಲೆಕ್ಕಕ್ಕಾಗಿ ಇರುವಂಥದು. ಅದನ್ನು ಆರೋಗ್ಯದ ಗಡಿಯೆಂದು ತಿಳಿಯಬಾರದು. ಸ್ರಾವ ಏಳೆಂಟು ದಿನ ಮೀರಿದರೆ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗಿ ಬಂದರೆ, ನೋವಿನಿಂದ ಹಾಸಿಗೆ ಹಿಡಿಯುವಂತಾದರೆ ವೈದ್ಯರನ್ನು ಕಾಣಬೇಕು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬಾರದು. ಅದು ಗರ್ಭಾಶಯದ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ನಮ್ಮ ಅಜ್ಜಿಯಂದಿರು ಇದನ್ನು ಯಾರಿಗೂ ಹೇಳದೆ ಮುಚ್ಚಿಡುತ್ತಾರೆ.

ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅಜ್ಞಾನವೂ ಅಳಿದಿಲ್ಲ. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜ ಹೊತ್ತು ತರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ಮಾತ್ರ. ಸಂತಾನದಾನವನ್ನು ಪ್ರಸ್ತಾಪಿಸುವ ಅಶ್ಶೂರಾ ಅಧ್ಯಾಯದ ಸೂಕ್ತದಲ್ಲಿ ಅಲ್ಲಾಹನು ಮೊದಲು ಹೆಸರಿಸಿದ್ದು ಹೆಣ್ಣುಮಕ್ಕಳನ್ನು.

ಎಲ್ಲಕ್ಕಿಂತ ಕ್ರೂರವಾದ ತಪ್ಪುಕಲ್ಪನೆ ‘ಕನ್ಯಾಪೊರೆ’ಯದು. ಇಲ್ಲಿ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡವೂ ಅರಬಿಯೂ ಆ ಪೊರೆಯ ಹೆಸರಿನಲ್ಲೇ ಕನ್ಯತ್ವವನ್ನು ಸೇರಿಸಿಬಿಟ್ಟಿವೆ. ಅದು ದ್ವಾರವನ್ನು ಮುಚ್ಚಿರುವ ಮುದ್ರೆಯಲ್ಲ, ಅಂಚಿನಲ್ಲಿರುವ ತೆಳುವಾದ ಪದರ. ನಡುವೆ ತೆರವಿರುವುದರಿಂದಲೇ ಕನ್ಯೆಗೂ ಋತುಸ್ರಾವವಾಗುತ್ತದೆ. ಒಬ್ಬೊಬ್ಬರಲ್ಲಿ ಅದರ ಆಕಾರ ಒಂದೊಂದು ಬಗೆ. ಮೊದಲ ಮಿಲನದಲ್ಲಿ ಅನೇಕರಿಗೆ ರಕ್ತ ಬರುವುದೇ ಇಲ್ಲ. ಪೊರೆಯನ್ನು ನೋಡಿ ಹೆಣ್ಣಿನ ಗತವನ್ನು ಹೇಳಬಲ್ಲ ವೈದ್ಯ ಈ ಭೂಮಿಯ ಮೇಲಿಲ್ಲ. ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದು ನಿಲ್ಲಬೇಕು ಎಂದು 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅತ್ಯಾಚಾರ ಪ್ರಕರಣಗಳಲ್ಲಿ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯನ್ನು 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಖಂಡಿಸಿ, ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರೆಂದಿತು. ನಮ್ಮ ಫಿಕ್ಹ್ ವಿದ್ವಾಂಸರು ಶತಮಾನಗಳ ಹಿಂದೆಯೇ ಇದನ್ನು ಅರಿತಿದ್ದರು. ಬೀಳುವಿಕೆಯಂತಹ ಕಾರಣದಿಂದ ಪೊರೆ ಹರಿದರೂ ವಿಧಿಯಲ್ಲಿ ಆಕೆ ಕನ್ಯೆಯೇ ಎಂದು ಇಮಾಮ್ ನವವಿ ಅವರ ‘ಮಿನ್ಹಾಜ್’ ಹೇಳುತ್ತದೆ. ಹನಫಿಗಳ ‘ಹಿದಾಯ’ದಲ್ಲಿ ಜಿಗಿತ, ಗಾಯ, ಋತುಸ್ರಾವಗಳನ್ನೂ ಕಾರಣಗಳಾಗಿ ಎಣಿಸಲಾಗಿದೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳನ್ನು ಮದುವೆಯ ಮೂರನೆಯ ದಿನ ತವರಿಗೆ ಕಳುಹಿಸಿದ್ದರು. ಕಾರಣ, ಹಾಸಿಗೆಯಲ್ಲಿ ಕಲೆ ಇರಲಿಲ್ಲ. ಹುಡುಗನ ಕಡೆಯ ಹಿರಿಯರು ಕುಳಿತಿದ್ದಾಗ ನನ್ನನ್ನೂ ಕರೆಸಿದರು. ಹುಡುಗಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸೋಣ ಎಂದು ಒಬ್ಬರೆಂದರು. ನಾನು ‘ಮಿನ್ಹಾಜ್’ ತೆರೆದು ಆ ಭಾಗವನ್ನು ತೋರಿಸಿದೆ. ಪರಿಶುದ್ಧ ಸ್ತ್ರೀಯ ಮೇಲೆ ಅಪವಾದ ಹೊರಿಸಿ ನಾಲ್ವರು ಸಾಕ್ಷಿಗಳನ್ನು ತರದವರಿಗೆ ಅನ್ನೂರ್ ಅಧ್ಯಾಯದಲ್ಲಿ ವಿಧಿಸಿರುವ 80 ಛಡಿಯೇಟುಗಳನ್ನು ನೆನಪಿಸಿದೆ. ಪರೀಕ್ಷೆಯ ಮಾತು ಅಲ್ಲಿಗೆ ನಿಂತಿತು. ಮರುದಿನ ಹುಡುಗನನ್ನು ಮಾತ್ರ ಅವನ ತಂದೆ ವೈದ್ಯೆಯೊಬ್ಬರ ಬಳಿಗೆ ಕರೆದೊಯ್ದರು. ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರಂತೆ. ವಾರದೊಳಗೆ ಹುಡುಗಿ ಗಂಡನ ಮನೆಗೆ ಮರಳಿದಳು. ಕೆಲವು ತಿಂಗಳ ನಂತರ ಸಿಕ್ಕಾಗ ಅವಳೆಂದಳು, “ಟೀಚರ್, ಎಲ್ಲರೂ ಚೆನ್ನಾಗಿಯೇ ಇದ್ದಾರೆ. ಆದರೆ ಕ್ಷಮಿಸು ಎಂದು ಇದುವರೆಗೆ ಯಾರೂ ಹೇಳಲಿಲ್ಲ.”

ಪ್ರೀತಿಯ ತಂದೆತಾಯಂದಿರೇ, ಮಗಳಿಗೆ ಮುಟ್ಟು ಬರುವ ಮೊದಲೇ ಅವಳನ್ನು ಹತ್ತಿರ ಕೂರಿಸಿಕೊಂಡು ಇದನ್ನೆಲ್ಲ ತಿಳಿಸಿರಿ. ಗಂಡುಮಕ್ಕಳಿಗೂ ನಿಕಾಹ್‌ಗೆ ಮುನ್ನ ತಿಳಿಸಿರಿ. ಈ ಪಾಠದ ಅಗತ್ಯ ಅವರಿಗೆ ಹೆಚ್ಚು. ಯಾರ ಮನೆಯಿಂದಲಾದರೂ ಹೀಗೆ ಒಬ್ಬ ಹೆಣ್ಣುಮಗಳು ಹೊರಬಿದ್ದಿದ್ದರೆ, ಕ್ಷಮೆ ಕೇಳಲು ಕಾಲ ಮೀರಿಲ್ಲ. ರಹಿಮ್ ಎಂಬ ಹೆಸರಿನ ಘನತೆಯನ್ನು ಕಾಯುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.