ಗಪ್ಪಿ ತೊಟ್ಟಿಯ ಸತ್ತ ಮೂಲೆ

ಗಾಜಿನ ತೊಟ್ಟಿಯಲ್ಲಿ ಮೀನು ಸತ್ತರೆ ಮನೆಯವರೆಲ್ಲ ಮೊದಲು ಬೈಯುವುದು ಆಹಾರವನ್ನು. ಹೆಚ್ಚಾಯಿತು, ಕಡಿಮೆಯಾಯಿತು, ಹಳೆಯದಾಗಿತ್ತು ಎಂದು. ಆಮೇಲೆ ನಲ್ಲಿ ನೀರನ್ನು. ಫಿಲ್ಟರನ್ನು ಯಾರೂ ಬೈಯುವುದಿಲ್ಲ. ಗುರ್ ಎಂದು ಓಡುತ್ತಿದೆಯಲ್ಲ, ಸಾಕು. ಅದು ನೀರನ್ನು ಎಲ್ಲಿಂದ ಎಳೆಯುತ್ತದೆ, ಎಲ್ಲಿಗೆ ಬಿಡುತ್ತದೆ ಎಂದು ಬಗ್ಗಿ ನೋಡುವವರು ಕಡಿಮೆ. ಇಳಕಲ್ಲಿನ ನಮ್ಮ ಮನೆಯಲ್ಲಿ ಹೋದ ಬೇಸಿಗೆಯಲ್ಲಿ ಎರಡು ಗಪ್ಪಿಗಳು ಸತ್ತಾಗ ನಾವು ಬಗ್ಗಿ ನೋಡಿದೆವು.

ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ ಸುಮಾರು 56 ಲೀಟರ್. ತಳಕ್ಕೆ ಹರಳು ಹಾಸಿ, ಮೇಲೆ ಎರಡು ಬೆರಳು ಖಾಲಿ ಬಿಟ್ಟರೆ 45ರ ಆಸುಪಾಸು. ಐದನೇ ಇಯತ್ತೆಯ ಮೊಮ್ಮಗಳ ಹುಟ್ಟುಹಬ್ಬಕ್ಕೆ ಅವಳಪ್ಪ ತಂದದ್ದು. ಅಂಗಡಿಯ ಹುಡುಗನೇ ಬಂದು ಜೋಡಿಸಿಕೊಟ್ಟ. ಫಿಲ್ಟರು ಕಣ್ಣಿಗೆ ಕಾಣಬಾರದೆಂದು ಅದನ್ನು ಪ್ಲಾಸ್ಟಿಕ್ ಕೋಟೆಯ ಹಿಂದೆ, ಹಿಂಬದಿ ಗಾಜಿನ ನಟ್ಟನಡುವೆ, ನೀರಿನಲ್ಲಿ ಆಳವಾಗಿ ಅಂಟಿಸಿದ. ನೀರು ಬಿಡುವ ಮೂತಿ ಎದುರು ಗಾಜಿಗೆ ಮುಖ ಮಾಡಿತ್ತು. ನೋಡಲು ಚೆಂದವೇ ಇತ್ತು.

ಏಪ್ರಿಲ್ ತಿಂಗಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ, 40 ಡಿಗ್ರಿ ಎಂದರೆ ಯಾರೂ ಹೌಹಾರುವುದಿಲ್ಲ. ಒಂದು ಸಂಜೆ ಮೊಮ್ಮಗಳು ಕರೆದಳು, "ಅಜ್ಜಾ, ಮೀನೆಲ್ಲಾ ಮ್ಯಾಲ ಬಂದು ಬಾಯಿ ಬಿಡಾಕತ್ತಾವ. ಹಸಿವ್ಯಾಗೇತೇನು?" ಹಸಿವಲ್ಲ, ಉಸಿರು. ಬಿಸಿ ನೀರು ಆಮ್ಲಜನಕವನ್ನು ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ. ಅಷ್ಟೂ ಬರುವುದು ಹೆಚ್ಚಾಗಿ ನೀರಿನ ಮೇಲ್ಮೈಯಿಂದ, ಗಾಳಿ ತಾಗುವ ಜಾಗದಿಂದ. ಆ ಮೇಲ್ಮೈ ನಮ್ಮ ತೊಟ್ಟಿಯಲ್ಲಿ ಕನ್ನಡಿಯ ಹಾಗೆ ನಿಂತಿತ್ತು. ಮೇಲೊಂದು ಎಣ್ಣೆ ಪೊರೆ ಬೇರೆ.

ಬೆಳಿಗ್ಗೆ ಎರಡು ಮೀನು ತೇಲುತ್ತಿದ್ದವು. ದಾಸವಾಳ ಗಿಡದ ಬುಡದಲ್ಲಿ ಮಣ್ಣು ಮಾಡಿ ಬಂದವಳು ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಆಮೇಲೆ, "ಉಳದವನ್ನ ಯಾವುದರ ಬಾವಿಗೆ ಬಿಟ್ಟು ಬರೂಣು ಅಜ್ಜಾ, ಇಲ್ಲಿ ಬ್ಯಾಡ" ಅಂದಳು. ಸೊಳ್ಳೆ ಮರಿ ತಿನ್ನಲೆಂದು ಮಲೇರಿಯಾದವರು ಬಾವಿಗೆ ಬಿಡುವ ಮೀನು ಇದೇ ಗಪ್ಪಿ ಎಂದು ನಾನೇ ಹಿಂದೊಮ್ಮೆ ಅವಳಿಗೆ ಹೇಳಿದ್ದೆ. ಎರಡು ದಿನ ತಡಿ ಅಂದೆ.

ಮೊದಲು ನೀರು ಎಲ್ಲೆಲ್ಲಿ ಓಡುತ್ತದೆ ನೋಡೋಣ ಎಂದು ಮೀನಿನ ಆಹಾರದ ಒಂದೆರಡು ಕಾಳನ್ನು ಪುಡಿ ಮಾಡಿ, ನೀರಲ್ಲಿ ನೆನೆಸಿ, ತೊಟ್ಟಿಗೆ ಬಿಟ್ಟೆವು. ಮಕ್ಕಳೇ, ನಿಮ್ಮ ಮನೆಯಲ್ಲಿ ತೊಟ್ಟಿಯಿದ್ದರೆ ಇದನ್ನು ಮಾಡಿ ನೋಡಿ, ಚಿಟಿಕೆಗಿಂತ ಹೆಚ್ಚು ಬೇಡ. ನಡುವೆ ಬಿದ್ದ ಪುಡಿ ಗಿರಗಿರನೆ ಸುತ್ತಿ ಎದುರು ಗಾಜಿಗೆ ಬಡಿದು, ಅಲ್ಲೇ ಕೆಳಗಿಳಿದು, ಹಿಂದಕ್ಕೆ ಬಂದು ಫಿಲ್ಟರಿನ ಬಾಯಿಗೆ ಬಿತ್ತು. ಎಡ ಬಲ ಮೂಲೆಗಳಲ್ಲಿ ಬಿದ್ದದ್ದು ಮಾತ್ರ ಬಿದ್ದಲ್ಲೇ ಕೂತಿತು. ಹರಳು ಕೆದಕಿದರೆ ಅಲ್ಲಿ ಹಳೆಯ ಹೊಲಸೂ ಇತ್ತು. ಫಿಲ್ಟರು ಶುದ್ಧ ಮಾಡಿದ ನೀರನ್ನೇ ಮತ್ತೆ ಮತ್ತೆ ಶುದ್ಧ ಮಾಡುತ್ತಿತ್ತು. ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ಒಂದೇ ಫೈಲು ಎರಡು ಮೇಜುಗಳ ನಡುವೆ ವಾರಗಟ್ಟಲೆ ಓಡಾಡುತ್ತಿತ್ತು. ಇಬ್ಬರಿಗೂ ಬಿಡುವಿರಲಿಲ್ಲ, ಕೌಂಟರಿನ ಮುಂದಿನ ಸಾಲು ಕದಲುತ್ತಿರಲಿಲ್ಲ!

ಅವಳು ಶಾಲೆಯ ಪ್ರವಾಸದಲ್ಲಿ ಬಾದಾಮಿ, ಮಹಾಕೂಟ ನೋಡಿ ಬಂದಿದ್ದಳು. "ಮಹಾಕೂಟದ ಹೊಂಡದಾಗ ಫಿಲ್ಟರ್ ಎಲ್ಲೈತಿ ಮತ್ತ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅಲ್ಲಿನ ವಿಷ್ಣು ಪುಷ್ಕರಣಿಗೆ ಬುಗ್ಗೆಯ ನೀರು ಬರುತ್ತದೆ. ಹೊಸದು ಬಂದಷ್ಟೂ ಹಳೆಯದು ಹೊರಗೆ ಹೋಗುತ್ತದೆ. ಬಾದಾಮಿಯ ಅಗಸ್ತ್ಯ ತೀರ್ಥ ಹಾಗಲ್ಲ, ಮಳೆಗಾಲದಲ್ಲಿ ಬಂಡೆಯ ಮೇಲಿಂದ ಸುರಿದದ್ದನ್ನು ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಹಸಿರಾಗಿ ನಿಲ್ಲುತ್ತದೆ. ನಮ್ಮ ತೊಟ್ಟಿ ಎರಡೂ ಅಲ್ಲ. ಹೊಸ ನೀರು ಬರುವುದಿಲ್ಲ, ಇದ್ದದ್ದೇ ಸುತ್ತಬೇಕು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟಾಗಿ, ಆಮೇಲೆ ಅಷ್ಟೊಂದು ಕೆಡುಕಿಲ್ಲದ ನೈಟ್ರೇಟಾಗಿ ಮಾಡುತ್ತವೆ. ಅವಕ್ಕೂ ಉಸಿರು ಬೇಕು. ಮೂಲೆಯ ನೀರು ಸ್ಪಂಜಿನವರೆಗೆ ಬರದಿದ್ದರೆ ಅವಾದರೂ ಏನು ಮಾಡಿಯಾವು? ಹುನಗುಂದದ ಕಡೆ ಕೆರೆ ಕಟ್ಟಿದ ಹಿರಿಯರು ಹಳ್ಳ ಬಂದು ಸೇರುವಲ್ಲೇ ತೂಬು ಇಡಲಿಲ್ಲ.

ಪ್ಲಗ್ ತೆಗೆದು ಫಿಲ್ಟರನ್ನು ಕಿತ್ತು ಹಿಂಬದಿಯ ಎಡ ಮೂಲೆಗೆ ತಂದೆವು. ನೀರು ಎಳೆಯುವ ಸೀಳುಗಳು ಹರಳಿಗಿಂತ ಎರಡು ಇಂಚು ಮೇಲೆ. ಅದಕ್ಕಿಂತ ಕೆಳಗಾದರೆ ಮರಳು, ಹರಳಿನ ಚೂರು ಒಳಗೆ ಹೋಗಿ ಮೋಟರು ಕಟಕಟ ಅನ್ನುತ್ತದೆ. ಮೂತಿ ನೀರಿನ ಮಟ್ಟಕ್ಕಿಂತ ಅರ್ಧ ಇಂಚು ಕೆಳಗೆ. ಅದನ್ನು ಎದುರು ಗಾಜಿಗಲ್ಲ, ಉದ್ದಕ್ಕೆ, ಎರಡಡಿ ದೂರದ ಬಲ ಗಾಜಿನ ಕಡೆಗೆ ತಿರುಗಿಸಿದೆವು. ಈಗ ನೀರು ಮೇಲಿನಿಂದ ಆ ತುದಿಗೆ ಹೋಗಿ, ಗಾಜಿಗೆ ತಾಗಿ ಕೆಳಗಿಳಿದು, ತಳದ ಹೊಲಸನ್ನು ನೂಕಿಕೊಂಡು ಈ ತುದಿಯ ಬಾಯಿಗೆ ಬರುತ್ತದೆ. ಕೋಟೆ ಅಡ್ಡ ಬರುತ್ತಿತ್ತು, ತೆಗೆದಿಟ್ಟೆವು. ಅವಳಿಗೆ ಸ್ವಲ್ಪ ಬೇಜಾರಾಯಿತು. ಮತ್ತೆ ಪುಡಿ ಹಾಕಿ ನೋಡಿದಾಗ ಮುಂಬದಿಯ ಬಲ ಮೂಲೆಯಲ್ಲಿ ನಾಲ್ಕು ಕಣ ನಿಂತವು. ಮೂತಿಯನ್ನು ಒಂದು ಕೂದಲೆಳೆ ಮುಂದಕ್ಕೆ ತಿರುಗಿಸಿದ ಮೇಲೆ ಅವೂ ಹೊರಟವು. ಎಣ್ಣೆ ಪೊರೆ ಸಂಜೆಯೊಳಗೆ ಒಡೆದು ಮಾಯವಾಯಿತು.

ರಭಸದ ಮಾತೂ ಇದೆ. ತಾಸಿಗೆ ತೊಟ್ಟಿಯ ನಾಲ್ಕು ಪಟ್ಟು ನೀರು ಸುತ್ತಿದರೆ ಸಾಮಾನ್ಯವಾಗಿ ಸಾಕು ಅನ್ನುತ್ತಾರೆ. ನಮಗೆ ತಾಸಿಗೆ 180 ಲೀಟರ್ ಆಯಿತು. ಡಬ್ಬದ ಮೇಲಿನ ಅಂಕಿ ಹೊಸ ಸ್ಪಂಜಿನದು, ಹೊಲಸು ತುಂಬಿದಂತೆ ಇಳಿಯುತ್ತದೆ. ಹಾಗೆಂದು ಪ್ರವಾಹವೂ ಬೇಡ. ಉದ್ದ ಬಾಲದ ಗಪ್ಪಿ ಗಾಳಿಗೆ ಸಿಕ್ಕ ಸೆರಗಿನ ಹಾಗೆ ಹಾರಾಡಿದರೆ ಮೂತಿಯನ್ನು ಗಾಜಿನ ಕಡೆ ತಿರುಗಿಸಿ ರಭಸ ಮುರಿಯಬೇಕು. ಫೈಟರ್ ಮೀನಿಗಂತೂ ನಿಧಾನದ ನೀರೇ ಇಷ್ಟ.

ಬೇಸಿಗೆಯಲ್ಲಿ ನೀರು ಆರಿ ಮಟ್ಟ ಇಳಿಯುತ್ತದೆ. ಆಗ ಮೂತಿ ಮೇಲೆದ್ದು ಜಳಜಳ ಸದ್ದು ಮಾಡುತ್ತದೆ. ಇನ್ನೂ ಇಳಿದರೆ ಮೋಟರು ಒಣಗಿ ಸುಡುತ್ತದೆ. ಗಾಜಿನ ಮೇಲೆ ಅವಳು ಕೆಂಪು ಟೇಪಿನ ಗೆರೆ ಅಂಟಿಸಿದ್ದಾಳೆ, ನೀರು ಅದಕ್ಕಿಂತ ಕೆಳಗೆ ಇಳಿಯಕೂಡದು. ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರಬೇಕು. ಹಾಗಿದ್ದರೆ ವೈರಿನ ಗುಂಟ ಬಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ತೊಟ್ಟಿಯೊಳಗೆ ಕೈ ಹಾಕುವ ಮುನ್ನ ಪ್ಲಗ್ ತೆಗೆಸುವುದು ದೊಡ್ಡವರ ಕೆಲಸ. ಬಾಗಲಕೋಟೆಯ ನವನಗರದಲ್ಲಿರುವ ಗೆಳೆಯನೊಬ್ಬ ಗಾಳಿ ಪಂಪನ್ನು ತೊಟ್ಟಿಗಿಂತ ಕೆಳಗೆ, ನೆಲದ ಮೇಲೆ ಇಟ್ಟಿದ್ದ. ಕರೆಂಟು ಹೋದಾಗ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಡಸಾಲೆ ತೊಯ್ಯಿಸಿತು. ಆಲಮಟ್ಟಿ ಹಿನ್ನೀರಿನಿಂದ ಹಳೆ ಮನೆ ಬಿಟ್ಟು ಬಂದವ. "ನೀರು ಇಲ್ಲೂ ನನ್ನ ಬೆನ್ನು ಬಿಡಲಿಲ್ಲ ನೋಡೋ" ಎಂದು ನಕ್ಕ. ಪಂಪನ್ನು ಈಗ ಕಪಾಟಿನ ಮೇಲಿಟ್ಟಿದ್ದಾನೆ.

ಮಳೆ ಶುರುವಾಗುವ ಹೊತ್ತಿಗೆ ಉಳಿದ ನಾಲ್ಕರಲ್ಲಿ ಒಂದು ಮರಿ ಹಾಕಿತು. ಗಪ್ಪಿ ಮೊಟ್ಟೆಯಿಡುವುದಿಲ್ಲ, ಈಜುವ ಮರಿಯನ್ನೇ ಹೆರುತ್ತದೆ. ಅಕ್ಕಿಯ ನುಚ್ಚಿನಷ್ಟು ಮರಿಗಳು ಫಿಲ್ಟರಿನ ಸೀಳುಗಳ ಕಡೆ ಸೆಳೆದು ಹೋಗುವುದನ್ನು ಕಂಡು ಮೊಮ್ಮಗಳು ಚೀರಿದಳು. ಕೂಡಲೇ ಪ್ಲಗ್ ಕಿತ್ತು, ಹೊಸ ಸ್ಪಂಜಿನ ತುಂಡನ್ನು ಸೀಳುಗಳ ಮೇಲೆ ಸುತ್ತಿ ಬಿಳಿ ನೂಲಿನಿಂದ ಬಿಗಿದೆವು. ಆ ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಹಿಂಡಬೇಕು. ನಲ್ಲಿಯ ಕ್ಲೋರಿನ್ನಿಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಭಾನುವಾರಕ್ಕೊಮ್ಮೆ ಹಿಂಡುವುದು, ಒಮ್ಮೆ ಅವಳ ಸರದಿ, ಒಮ್ಮೆ ನನ್ನದು. ಮರಿಗಳು ಹನ್ನೊಂದು ಉಳಿದಿವೆ. ದಿನಾ ಬೆಳಿಗ್ಗೆ ಎಣಿಸಿ ನನ್ನ ಹಳೆಯ ಡೈರಿಯಲ್ಲಿ ಬರೆಯುತ್ತಾಳೆ, ನಾನು ಕೆಳಗೆ ಸಹಿ ಹಾಕಬೇಕು.